ಅಂದಾಜಿನಿಂದ ಅಳತೆಗೆ: ಸರಗೂರು ಸೀಮೆಯ ವರ್ಕ್‌ಶಾಪುಗಳೂ ತಯಾರಿಕಾ ಸಮ್ಮೇಳನಗಳೂ

ತಯಾರಿಕೆ ಮತ್ತು ಎಂಜಿನಿಯರಿಂಗ್ ಸಮ್ಮೇಳನವೆಂದರೆ, ಯಂತ್ರ ಮಾಡುವವರು, ಅದನ್ನು ಕೊಳ್ಳುವವರು, ಅದರ ಬಿಡಿಭಾಗಗಳನ್ನು ಒದಗಿಸುವವರು, ಇವರೆಲ್ಲರಿಗೆ ಸಾಲ ಕೊಡುವ ಬ್ಯಾಂಕಿನವರು, ಪರವಾನಗಿ ನೀಡುವ ಅಧಿಕಾರಿಗಳು, ಲೋಹ ಮತ್ತು ಯಂತ್ರಗಳ ಶಾಸ್ತ್ರವನ್ನು ಕಲಿಸುವ ಅಧ್ಯಾಪಕರು ಒಂದೆರಡು ದಿನ ಒಂದೆಡೆ ಸೇರಿ, ಒಂದು ಬದಿಯಲ್ಲಿ ಉಪನ್ಯಾಸಗಳನ್ನೂ ಇನ್ನೊಂದು ಬದಿಯಲ್ಲಿ ಮಳಿಗೆಗಳನ್ನೂ ನಡೆಸುವ ಕೂಟ. ಪತ್ರಿಕೆಗಳಲ್ಲಿ ವರದಿಯಾಗುವುದು ಸಾಮಾನ್ಯವಾಗಿ ಉದ್ಘಾಟನೆಯ ದೀಪ, ಮಂತ್ರಿಗಳ ಭಾಷಣ ಮತ್ತು ಹೂಡಿಕೆಯ ಕೋಟಿಗಳ ಲೆಕ್ಕ. ಆದ್ದರಿಂದ ಇಂಥ ಕೂಟಗಳು ದೊಡ್ಡ ಕಂಪನಿಗಳ ಸಡಗರವೆಂದೂ, ಸರಗೂರಿನ ರಸ್ತೆ ಬದಿಯ ವೆಲ್ಡಿಂಗ್ ಶಾಪಿಗೂ ಅವಕ್ಕೂ ಸಂಬಂಧವಿಲ್ಲವೆಂದೂ ಭಾವಿಸುವುದು ಸಹಜ. ಈ ಭಾವನೆ ಪೂರ್ತಿ ಸುಳ್ಳೇನಲ್ಲ. ಆದರೆ ಸಮ್ಮೇಳನದ ಹೆಚ್ಚಿನ ಲಾಭ ಹುಟ್ಟುವುದು ಮಳಿಗೆಗಳ ನಡುವಿನ ಓಣಿಯಲ್ಲಿ, ಊಟದ ಸಾಲಿನಲ್ಲಿ, ಒಂದು ನಕ್ಷೆಯ ಹಾಳೆಯನ್ನು ನಡುವೆ ಹರಡಿಕೊಂಡು ಇಬ್ಬರು ತಯಾರಕರು ನಡೆಸುವ ಮಾತುಕತೆಯಲ್ಲಿ. ಆ ಮಾತುಕತೆಯ ಅಗತ್ಯ ದೊಡ್ಡ ಕಂಪನಿಗಿಂತ ದೂರದ ತಾಲ್ಲೂಕಿನ ಸಣ್ಣ ತಯಾರಕನಿಗೇ ಹೆಚ್ಚು.

ಕಪಿಲೆಯ, ಅಂದರೆ ಕಬಿನಿಯ, ದಡದ ಸರಗೂರು ಕೆಲವು ವರ್ಷಗಳ ಹಿಂದಿನವರೆಗೆ ಹೆಗ್ಗಡದೇವನಕೋಟೆ (ಜನರ ಬಾಯಲ್ಲಿ ಕೋಟೆ) ತಾಲ್ಲೂಕಿನ ಒಂದು ಪಟ್ಟಣವಾಗಿದ್ದು ಈಗ ಸ್ವತಃ ತಾಲ್ಲೂಕು ಕೇಂದ್ರವಾಗಿದೆ. ಹತ್ತಿರದ ಬೀಚನಹಳ್ಳಿಯ ಬಳಿ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟು, ಒಂದು ಬದಿಗೆ ಬಂಡೀಪುರ, ಇನ್ನೊಂದು ಬದಿಗೆ ನಾಗರಹೊಳೆ, ನಡುವೆ ಹತ್ತಿ, ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ, ಶುಂಠಿ, ಬಾಳೆಗಳ ಹೊಲ ತೋಟಗಳು: ಇದು ಈ ಸೀಮೆಯ ಸ್ಥೂಲ ಚಿತ್ರ. ಸುತ್ತಲಿನ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ರೈಲು ಮುಟ್ಟಿರುವುದು ಕೃಷ್ಣರಾಜನಗರವನ್ನು ಮಾತ್ರ. ಉಳಿದ ಕಡೆ ಕಬ್ಬಿಣದ ಒಂದು ಚಾನಲ್ಲೂ ಲಾರಿಯಲ್ಲೇ ಬರಬೇಕು, ತಯಾರಾದ ಸರಕೂ ಲಾರಿಯಲ್ಲೇ ಹೋಗಬೇಕು. ಹೀಗಿದ್ದೂ ಈ ತಾಲ್ಲೂಕುಗಳಲ್ಲಿ ಎಂಜಿನಿಯರಿಂಗ್ ಕೆಲಸವೇ ಇಲ್ಲವೆನ್ನುವುದು ತಪ್ಪು. ಟ್ರಾಕ್ಟರಿನ ಟ್ರೇಲರು, ನೇಗಿಲಿನ ಕುಳ, ರೋಟವೇಟರಿನ ಬ್ಲೇಡು, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಕೊಳವೆ, ಕೊಳವೆಬಾವಿಯ ಪಂಪಿನ ದುರಸ್ತಿ, ಮನೆಯ ಗೇಟು, ಚಾವಣಿಯ ಟ್ರಸ್ಸು ಇವೆಲ್ಲ ಈ ಊರುಗಳ ಲೇತು ಮತ್ತು ವೆಲ್ಡಿಂಗ್ ಯಂತ್ರಗಳಿಂದಲೇ ಹೊರಡುತ್ತವೆ. ಕಾಡಾನೆಗಳನ್ನು ತಡೆಯಲು ನಾಗರಹೊಳೆಯ ಅಂಚಿನಲ್ಲಿ ಹಳೆಯ ರೈಲು ಹಳಿಗಳಿಂದ ಕಟ್ಟಿರುವ ತಡೆಬೇಲಿ ಮತ್ತು ರೈತರ ಹೊಲಗಳ ಸುತ್ತಲಿನ ಸೌರವಿದ್ಯುತ್ ಬೇಲಿ, ಇವೆರಡೂ ಕಾಡಂಚಿನ ಬದುಕು ಹುಟ್ಟಿಸಿದ ಎಂಜಿನಿಯರಿಂಗ್ ಕೆಲಸಗಳೇ.

ತಯಾರಿಕೆಯ ಚರಿತ್ರೆಯೂ ಇಲ್ಲಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಸೈನ್ಯಕ್ಕಾಗಿ ದನಗಳನ್ನು ಸಾಕುತ್ತಿದ್ದ ಅಮೃತಮಹಲ್ ಇಲಾಖೆಯ ನೆಲೆಯಾಗಿದ್ದು, ಸೈನ್ಯಕ್ಕಾಗಿ ತೊಗಲು ಹದಮಾಡುವ, ಕಂಬಳಿ ನೇಯುವ ಕಾರ್ಖಾನೆಗಳೂ, ಹತ್ತಿರದ ಕಾಡುಗಳ ಮರದಿಂದ ಗಾಡಿಗಳನ್ನು ಕಟ್ಟುವ ಮರದ ಅಂಗಳವೂ ಅಲ್ಲಿದ್ದವು. ಸೈನ್ಯದ ಬೇಡಿಕೆ ನಿಂತಾಗ ಆ ಕಾರ್ಖಾನೆಗಳೂ ನಿಂತವು. ಮುಂದೆ ಕೊಡಗಿನ ಕಾಫಿಯನ್ನು ಸಂಸ್ಕರಿಸುವ ಕೆಲಸವೂ ಪ್ಲೈವುಡ್ ತಯಾರಿಕೆಯೂ ಆ ಊರಿಗೆ ಬಂದವು. ಒಬ್ಬನೇ ಗಿರಾಕಿಯನ್ನು ನಂಬಿ ನಿಂತ ತಯಾರಿಕೆ ಆ ಗಿರಾಕಿ ಎದ್ದು ಹೋದೊಡನೆ ಕುಸಿಯುತ್ತದೆಯೆಂಬುದಕ್ಕೆ ಹುಣಸೂರಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಇಂದು ಹೊಗೆಸೊಪ್ಪಿನ ಹಂಗಾಮನ್ನೇ ನೆಚ್ಚಿಕೊಂಡಿರುವ ವರ್ಕ್‌ಶಾಪುಗಳಿಗೂ ಈ ಮಾತು ಅನ್ವಯಿಸುತ್ತದೆ. ಎರಡನೆಯ, ಮೂರನೆಯ ಗಿರಾಕಿ ಎಲ್ಲಿರುತ್ತಾನೆಂದು ಊರಿನಲ್ಲೇ ಕುಳಿತು ತಿಳಿಯುವುದು ಕಷ್ಟ.

ಸಮ್ಮೇಳನದ ಮೂಲಕ ಕೈಗಾರಿಕೆಯನ್ನು ಬೆಳೆಸುವ ಯೋಚನೆಯೂ ಮೈಸೂರು ಸೀಮೆಗೆ ಹೊರಗಿನಿಂದ ಈಚೆಗೆ ಬಂದದ್ದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದಾಗ ಅವರ ಸಲಹೆಯಂತೆ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಸಂಪದಭ್ಯುದಯ ಸಮಾಜ ಆರಂಭವಾಯಿತು. ಇಂಗ್ಲಿಷಿನಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಎಂದು ಕರೆಯಲಾದ ಈ ಸಭೆಯಲ್ಲಿ ಅಧಿಕಾರಿಗಳ ಜೊತೆಗೆ ವ್ಯಾಪಾರಿಗಳು, ತೋಟದ ಮಾಲೀಕರು, ಕೃಷಿಕರು ಸದಸ್ಯರಾಗಿದ್ದರು. ಕೃಷಿ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ವಿಷಯಗಳಿಗೆ ಬೇರೆಬೇರೆ ಸಮಿತಿಗಳಿದ್ದು, ಕಾಲಕ್ರಮದಲ್ಲಿ ಜಿಲ್ಲೆ ಮತ್ತು ತಾಲ್ಲೂಕು ಮಟ್ಟಕ್ಕೂ ಅದರ ಕೆಲಸ ಇಳಿಯಿತು. 1913ರಲ್ಲಿ ಮೈಸೂರು ಬ್ಯಾಂಕು ಮತ್ತು ಕೈಗಾರಿಕೆ ವಾಣಿಜ್ಯ ಇಲಾಖೆ, 1916ರಲ್ಲಿ ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲವಾದ ಮೈಸೂರು ಚೇಂಬರ್ ಆಫ್ ಕಾಮರ್ಸ್ ಹುಟ್ಟಿದ್ದು ಈ ಚರ್ಚೆಗಳ ವಾತಾವರಣದಲ್ಲಿಯೇ. ಇದೇ ಸಮಾಜದ ವಿದ್ಯಾಸಮಿತಿಯ ಆಲೋಚನೆ 1915ರಲ್ಲಿ ಸ್ಥಾಪನೆಯಾದ ಸಾಹಿತ್ಯ ಪರಿಷತ್ತಿಗೂ ದಾರಿಮಾಡಿತೆಂಬುದನ್ನು ಸಾಹಿತ್ಯಪ್ರಿಯರು ನೆನೆಯುವುದುಂಟು, ಕೈಗಾರಿಕೆಯವರು ನೆನೆಯುವುದು ಅಪರೂಪ. ಅದಕ್ಕೂ ಹಿಂದೆ, 1880ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದ ದಸರಾ ವಸ್ತುಪ್ರದರ್ಶನದ ಉದ್ದೇಶವೂ ನಾಡಿನ ಉತ್ಪನ್ನಗಳನ್ನು ನಾಡಿನವರಿಗೆ ತೋರಿಸುವುದೇ ಆಗಿತ್ತು. ಇಂದು ಅಲ್ಲಿ ಜನ ಮುತ್ತುವುದು ತೊಟ್ಟಿಲು ಮತ್ತು ತಿಂಡಿಯ ಅಂಗಡಿಗಳನ್ನಾದರೂ ಅದರ ಹುಟ್ಟಿನ ಹಿನ್ನೆಲೆ ಅದಾಗಿತ್ತು.

ಈಗ ಪ್ರಯೋಜನದ ತಿರುಳಿಗೆ ಬರಬಹುದು. ಸರಗೂರಿನ ವರ್ಕ್‌ಶಾಪಿಗೂ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿಗಳ ಕಾರ್ಖಾನೆಗೂ ಇರುವ ವ್ಯತ್ಯಾಸ ಬಂಡವಾಳದ್ದು ಮಾತ್ರವಲ್ಲ. ಅದು ಅಂದಾಜಿಗೂ ಅಳತೆಗೂ ಇರುವ ವ್ಯತ್ಯಾಸ. ರೈತ ಮುರಿದ ಅಚ್ಚನ್ನು ತಂದು ಮುಂದಿಟ್ಟಾಗ ಊರಿನ ಲೇತ್ ಕೆಲಸಗಾರ ಅದನ್ನು ಕಣ್ಣಿನಲ್ಲಿ ಅಳೆದು, ಹಳೆಯ ತುಂಡಿನ ಜೊತೆ ಹೋಲಿಸಿ, ಕೂರುವವರೆಗೆ ಉಜ್ಜಿ ಸರಿಪಡಿಸುತ್ತಾನೆ. ಅದು ಕಡಿಮೆ ಕೌಶಲವಲ್ಲ. ನಕ್ಷೆಯಿಲ್ಲದೆ ಯಂತ್ರವನ್ನು ಮತ್ತೆ ಓಡಿಸುವ ಆ ಕೈಚಳಕ ಅನೇಕ ಪದವೀಧರರಿಗೆ ಬಾರದು. ಆದರೆ ಹಾಗೆ ಮಾಡಿದ ಅಚ್ಚು ಆ ಒಂದೇ ಯಂತ್ರಕ್ಕೆ ಹೊಂದುತ್ತದೆ. ಕಾರ್ಖಾನೆಗೆ ಬೇಕಾಗಿರುವುದು ಸಾವಿರ ಅಚ್ಚು, ಸಾವಿರವೂ ಒಂದಕ್ಕೊಂದು ಬದಲಿಯಾಗಬಲ್ಲವು. ಅದಕ್ಕಾಗಿ ನಕ್ಷೆಯಲ್ಲಿ ಅಳತೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಸಂಖ್ಯೆ ಬರೆದಿರುತ್ತಾರೆ: ಅಚ್ಚಿನ ವ್ಯಾಸ 25 ಮಿಲಿಮೀಟರ್ ಎಂದಿದ್ದರೆ ಅದು ಎಷ್ಟು ಹೆಚ್ಚಾಗಬಹುದು, ಎಷ್ಟು ಕಡಿಮೆಯಾಗಬಹುದು ಎಂಬ ಮಿತಿ, ಉದಾಹರಣೆಗೆ 0.02 ಮಿಲಿಮೀಟರ್. ಎಂಜಿನಿಯರುಗಳು ಇದನ್ನು ಟಾಲರೆನ್ಸ್ ಎನ್ನುತ್ತಾರೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಆದ್ದರಿಂದ ಇಲ್ಲಿ ಬಿಟ್ಟಿರುವ ಸಡಿಲ ಎರಡೂ ಬದಿಗೆ 20 ಮೈಕ್ರಾನ್. ಸಾಮಾನ್ಯ ವರ್ನಿಯರ್ ಕ್ಯಾಲಿಪರ್ ಓದಬಲ್ಲ ಅತಿ ಸಣ್ಣ ಅಳತೆಯೇ 0.02 ಮಿಲಿಮೀಟರ್ ಆಗಿರುವುದರಿಂದ, ಇಂಥ ಅಚ್ಚನ್ನು ಪರಿಶೀಲಿಸಲು ಅದು ಸಾಲದು, 0.01 ಅಥವಾ ಅದಕ್ಕೂ ಸೂಕ್ಷ್ಮವಾಗಿ ಓದುವ ಮೈಕ್ರೊಮೀಟರ್ ಬೇಕು. ಆ ಮೈಕ್ರೊಮೀಟರನ್ನೂ ಕಾಲಕಾಲಕ್ಕೆ ಪ್ರಮಾಣಿತ ತುಂಡಿನೊಡನೆ ಹೋಲಿಸಿ ಸರಿಯಿದೆಯೆಂದು ದೃಢಪಡಿಸಿಕೊಳ್ಳಬೇಕು. ಈ ಕೆಲಸಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ, ಅದಕ್ಕೊಂದು ಪ್ರಮಾಣಪತ್ರವಿರುತ್ತದೆ, ಗಿರಾಕಿ ಮೊದಲು ಕೇಳುವುದೂ ಆ ಕಾಗದವನ್ನೇ.

ಇವು ಪಠ್ಯಪುಸ್ತಕದಲ್ಲಿಲ್ಲದ ಸಂಗತಿಗಳೇನಲ್ಲ. ಆದರೆ ಪುಸ್ತಕ ಓದಿದವನಿಗೂ ತಿಳಿಯದಿರುವುದು, ಒಂದು ನಿರ್ದಿಷ್ಟ ಭಾಗಕ್ಕೆ ಒಬ್ಬ ನಿರ್ದಿಷ್ಟ ಕೊಳ್ಳುಗ ಎಷ್ಟು ಕಟ್ಟುನಿಟ್ಟು, ಎಲ್ಲಿ ಸಡಿಲ, ಯಾವ ಕಾರಣಕ್ಕೆ ಸರಕನ್ನು ಹಿಂತಿರುಗಿಸುತ್ತಾನೆ ಎಂಬುದು. ಬೆಸುಗೆ ಹಾಕಿದ ಚೌಕಟ್ಟು ತಣಿದಾಗ ಎಷ್ಟು ಸೊಟ್ಟಾಗುತ್ತದೆ, ಅದಕ್ಕಾಗಿ ಮುಂಚೆಯೇ ಎಷ್ಟು ಎದುರು ಬಾಗು ಕೊಡಬೇಕು, ಬಣ್ಣ ಬಳಿಯುವ ಮೊದಲು ತುಕ್ಕನ್ನು ಯಾವ ಮಟ್ಟಕ್ಕೆ ತೆಗೆಯಬೇಕು ಎಂಬಂಥ ತಿಳಿವಳಿಕೆ ಕೆಲಸ ಮಾಡುವವರ ನಡುವೆ ಬಾಯಿಂದ ಬಾಯಿಗೆ ಹರಿಯುವಂಥದು. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಒಂದೇ ಕಸುಬಿನವರು ಒತ್ತೊತ್ತಾಗಿ ನೆಲೆಸಿದ ಪ್ರದೇಶಗಳಲ್ಲಿ ಕಸುಬಿನ ಗುಟ್ಟುಗಳು ಗುಟ್ಟಾಗಿ ಉಳಿಯದೆ ಎಲ್ಲರಿಗೂ ದಕ್ಕುತ್ತವೆಯೆಂಬುದನ್ನು ಗುರುತಿಸಿ, ಅಂಥ ಪ್ರದೇಶಗಳನ್ನು ಕೈಗಾರಿಕಾ ಜಿಲ್ಲೆಗಳೆಂದು ವಿವರಿಸಿದ. ಬೆಂಗಳೂರಿನ ಪೀಣ್ಯ ಅಂಥದೊಂದು ಪ್ರದೇಶ. ಅಲ್ಲಿ ಒಬ್ಬನಿಗೆ ಹೊಳೆಯದ ಉಪಾಯವನ್ನು ಎದುರು ಬೀದಿಯವನಿಂದ ಚಹಾದಂಗಡಿಯಲ್ಲಿ ಕೇಳಿ ತಿಳಿಯಬಹುದು. ಸರಗೂರಿನ ತಯಾರಕನಿಗೆ ಎದುರು ಬೀದಿಯಲ್ಲಿ ಅದೇ ಕಸುಬಿನವನಿಲ್ಲ, ಇದ್ದರೂ ಆತ ಪ್ರತಿಸ್ಪರ್ಧಿ. ಪೀಣ್ಯದವನಿಗೆ ದಿನವೂ ಸಿಗುವ ಬಗೆಯ ತಿಳಿವಳಿಕೆ ಅವನಿಗೆ ಸ್ಥಳೀಯ ಸಮ್ಮೇಳನದಲ್ಲಿ ಒಂದೆರಡು ದಿನವಾದರೂ ಸಿಗುತ್ತದೆ.

ಇಂಥ ಕೂಟಗಳಲ್ಲಿ ಸಣ್ಣ ತಯಾರಕರಿಗೆ ಅತ್ಯಂತ ಹತ್ತಿರವಾದದ್ದು ಕೇಂದ್ರ ಸರ್ಕಾರದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಚಿವಾಲಯದ ಕಚೇರಿಗಳು ಏರ್ಪಡಿಸುವ ಸರಬರಾಜುದಾರರ ಅಭಿವೃದ್ಧಿ ಕಾರ್ಯಕ್ರಮ. ಉದ್ಯಮದವರ ಬಾಯಲ್ಲಿ ಇದು ವೆಂಡರ್ ಮೀಟ್. ಇಲ್ಲಿ ಮಾರುವವರ ಜೊತೆಗೆ ಕೊಳ್ಳುವವರೂ ಮಳಿಗೆ ಹಾಕುತ್ತಾರೆಂಬುದು ಇದರ ವಿಶೇಷ: ಸಾರ್ವಜನಿಕ ವಲಯದ ಸಂಸ್ಥೆಗಳು ತಮಗೆ ಹೊರಗಿನಿಂದ ಬೇಕಾಗಿರುವ ಬಿಡಿಭಾಗಗಳನ್ನೇ ಮೇಜಿನ ಮೇಲಿಟ್ಟು, ಇಂಥದನ್ನು ಯಾರು ಮಾಡಿಕೊಡಬಲ್ಲಿರಿ ಎಂದು ಕೇಳುತ್ತವೆ. ಇದರ ಹಿಂದೆ ಒಂದು ಕಾನೂನಿನ ಒತ್ತಾಯವೂ ಇದೆ. 2012ರ ಸಾರ್ವಜನಿಕ ಖರೀದಿ ನೀತಿ, ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಸಂಸ್ಥೆಗಳೂ ತಮ್ಮ ವಾರ್ಷಿಕ ಖರೀದಿಯ ಒಂದು ಪಾಲನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕೆಂದು ವಿಧಿಸಿತು. 2018ರಲ್ಲಿ ಆ ಪಾಲು ಶೇಕಡಾ 25ಕ್ಕೆ ಏರಿತು. ಅದರೊಳಗೆ ಶೇಕಡಾ 4ರಷ್ಟು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೂ, ಶೇಕಡಾ 3ರಷ್ಟು ಮಹಿಳೆಯರ ಉದ್ಯಮಗಳಿಗೂ ಮೀಸಲು. ಜೇನುಕುರುಬರೂ ಬೆಟ್ಟಕುರುಬರೂ ನೆಲೆಸಿರುವ ಕೋಟೆ ಮತ್ತು ಸರಗೂರು ತಾಲ್ಲೂಕುಗಳಲ್ಲಿ ಈ ಮೀಸಲಿನ ವಿಷಯ ಅಗತ್ಯವಿರುವವರ ಕಿವಿಗೆ ಬಿದ್ದಿರುವುದು ತೀರ ಕಡಿಮೆ. ಮೈಸೂರು ನಗರದಲ್ಲಿಯೇ ಗಣಿಗಳ ಭಾರಿ ಟ್ರಕ್ಕುಗಳನ್ನು ತಯಾರಿಸುವ ಬಿ.ಇ.ಎಂ.ಎಲ್. ಘಟಕವಿದೆ, ಅಶೋಕಪುರದಲ್ಲಿ ರೈಲ್ವೆ ಕಾರ್ಯಾಗಾರವಿದೆ. ಖಾಸಗಿ ವಲಯದಲ್ಲಿ 1981ರಲ್ಲಿ ಸ್ಥಾಪನೆಯಾದ ಆಟೊಮೋಟಿವ್ ಆಕ್ಸಲ್ಸ್, ಟೈರುಗಳ ವಾಲ್ವ್ ಮಾಡುವ ಟ್ರೈಟನ್ ವಾಲ್ವ್ಸ್, ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಜೋಡಿಸುವ ಕೇನ್ಸ್ ಟೆಕ್ನಾಲಜಿ ಇವೆ. ಕೋಟೆಯಿಂದ ಮೈಸೂರು ಸುಮಾರು 50 ಕಿಲೋಮೀಟರ್. ಇಷ್ಟು ಹತ್ತಿರದ ಕೊಳ್ಳುಗನ ಖರೀದಿ ವಿಭಾಗದ ಬಾಗಿಲು ಯಾವುದೆಂದು ತಿಳಿಯದೆ ಉಳಿದಿರುವುದು ದೂರದ ದೋಷವಲ್ಲ, ಪರಿಚಯದ ಕೊರತೆ.

ಇಷ್ಟು ಹೇಳಿದ ಮೇಲೂ ಒಂದು ಎಚ್ಚರಿಕೆ ಅಗತ್ಯ. ಭಾರಿ ಟ್ರಕ್ಕಿನ ಆಕ್ಸಲ್ಲನ್ನು ಮಾಡಿಕೊಡುವ ಕನಸಿನೊಡನೆ ತಾಲ್ಲೂಕಿನ ವರ್ಕ್‌ಶಾಪು ಸಮ್ಮೇಳನಕ್ಕೆ ಹೋದರೆ ನಿರಾಸೆಯೇ ಹೆಚ್ಚು. ಅಂಥ ಕಂಪನಿಗಳಿಗೆ ನೇರ ಸರಬರಾಜು ಮಾಡುವವರು ಮೊದಲ ಹಂತದವರು, ಅವರಿಗೆ ಒದಗಿಸುವವರು ಎರಡನೆಯ ಹಂತದವರು, ಅವರಿಂದಲೂ ಸಣ್ಣಪುಟ್ಟ ಕೆಲಸ ಪಡೆಯುವವರು ಮೂರನೆಯ ಹಂತದವರು. ಸಾಗಣೆಯ ಪೆಟ್ಟಿಗೆ, ಸರಕು ಪೇರಿಸುವ ಕಬ್ಬಿಣದ ಚರಣಿಗೆ, ಯಂತ್ರದ ಸುರಕ್ಷಾ ಕವಚ, ನೆಲದ ಟ್ರಾಲಿ ಇಂಥವು ಸಾಮಾನ್ಯವಾಗಿ ಈ ಕೊನೆಯ ಹಂತದವರಿಗೆ ಸಿಗುವ ಕೆಲಸಗಳು. ಇವುಗಳಲ್ಲಿ ಮೈಕ್ರಾನಿನ ಕಾಟ ಕಡಿಮೆ, ಆದರೆ ಹೇಳಿದ ದಿನಕ್ಕೆ ಹೇಳಿದ ಸಂಖ್ಯೆ ತಲುಪಿಸುವ ಶಿಸ್ತು ಬೇಕು. ಆ ಶಿಸ್ತನ್ನು ಪರೀಕ್ಷಿಸಿದ ಮೇಲೆಯೇ ಕೊಳ್ಳುಗ ಸೂಕ್ಷ್ಮ ಕೆಲಸವನ್ನು ಕೊಡುತ್ತಾನೆ. ಆದ್ದರಿಂದ ಸಮ್ಮೇಳನದಲ್ಲಿ ಹುಡುಕಬೇಕಾದವನು ದೊಡ್ಡ ಕಂಪನಿಯ ಮುಖ್ಯಸ್ಥನಲ್ಲ, ಅದರ ಎರಡನೆಯ ಹಂತದ ಸರಬರಾಜುದಾರ. ಆತ ಪಕ್ಕದ ಮಳಿಗೆಯಲ್ಲಿಯೇ ಯಾರೂ ಮಾತನಾಡಿಸದೆ ಕುಳಿತಿರುವುದುಂಟು.

ಸರಗೂರು ಸೀಮೆಗೆ ಇನ್ನೂ ಹೆಚ್ಚು ಒಗ್ಗುವ ದಾರಿ ಹೊಲದಿಂದಲೇ ಹೊರಡುತ್ತದೆ. ಹೊಗೆಸೊಪ್ಪಿನ ಬ್ಯಾರನ್ನನ್ನೇ ನೋಡಬಹುದು. ಹಸಿ ಎಲೆಯನ್ನು ಮೊದಲು ಸಣ್ಣ ಶಾಖದಲ್ಲಿ ಹಳದಿಗೊಳಿಸಿ, ಅನಂತರ ಎಲೆಯ ಹಾಳೆಯನ್ನು ಒಣಗಿಸಿ, ಕೊನೆಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ ನಡುನರವನ್ನು ಒಣಗಿಸುವ ಈ ಕ್ರಿಯೆಯಲ್ಲಿ ಶಾಖ ಬರುವುದು ಒಲೆಯಿಂದ ಹೊರಟು ಕೋಣೆಯ ನೆಲದ ಮೇಲೆ ಸುತ್ತುವ ತಗಡಿನ ಕೊಳವೆಗಳಿಂದ; ಹೊಗೆ ಎಲೆಯನ್ನು ಮುಟ್ಟುವುದಿಲ್ಲ, ಕೊಳವೆಯ ಬಿಸಿ ಮಾತ್ರ ಮುಟ್ಟುತ್ತದೆ. ಕೊಳವೆಯ ಕೀಲು ಸೋರಿದರೆ ಎಲೆ ಕೆಡುತ್ತದೆ, ಚಾವಣಿ ಸೋರಿದರೆ ಸೌದೆ ವ್ಯರ್ಥವಾಗುತ್ತದೆ, ಒಲೆಗೆ ಗಾಳಿ ಸಾಲದಿದ್ದರೆ ಸೌದೆ ಪೂರ್ತಿ ಉರಿಯುವುದಿಲ್ಲ. ಸೌದೆಗಾಗಿ ಸುತ್ತಣ ಮರಗಳ ಮೇಲೆ ಬೀಳುವ ಹೊರೆ ಈ ಸೀಮೆಯ ಹಳೆಯ ದೂರು. ಇದು ಶಾಖದ ಸಾಗಣೆ ಮತ್ತು ದಹನದ ಪ್ರಶ್ನೆ, ಅಂದರೆ ಅಪ್ಪಟ ಎಂಜಿನಿಯರಿಂಗ್ ಪ್ರಶ್ನೆ. ಹುಣಸೂರಿನಲ್ಲಿ ಹೊಗೆಸೊಪ್ಪಿನ ಸಂಶೋಧನಾ ಕೇಂದ್ರವಿದೆ, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಲ್ಲಿ ಹರಾಜು ಕಟ್ಟೆಗಳಿವೆ, ಮೈಸೂರಿನಲ್ಲಿ 1946ರಷ್ಟು ಹಳೆಯ ಎನ್.ಐ.ಇ.ಯೂ 1963ರ ಎಸ್.ಜೆ.ಸಿ.ಇ.ಯೂ ಎಂಜಿನಿಯರಿಂಗ್ ಕಲಿಸುತ್ತಿವೆ. ಆದರೆ ಬ್ಯಾರನ್ನಿನ ಕೊಳವೆ ಮಡಿಸುವ ಪಿರಿಯಾಪಟ್ಟಣದ ತಗಡಿನ ಕೆಲಸಗಾರನೂ ಶಾಖದ ಲೆಕ್ಕ ಹಾಕುವ ಅಧ್ಯಾಪಕನೂ ಎದುರುಬದುರು ಕೂರುವ ಸಂದರ್ಭ ಸಮ್ಮೇಳನವನ್ನು ಬಿಟ್ಟರೆ ಬೇರೆ ಹೆಚ್ಚಿಲ್ಲ. ಹೊಗೆಸೊಪ್ಪಿನ ಬೆಳೆಯೇ ಮುಂದೆ ಕುಗ್ಗಬಹುದೆಂಬ ಮಾತಿರುವಾಗ ಇದರ ಅಗತ್ಯ ಕಡಿಮೆಯಾಗುವುದಿಲ್ಲ, ಬದಲಾಗುತ್ತದೆ: ಶಾಖವನ್ನು ಹದವಾಗಿ ಸುತ್ತಿಸಿ ಒಣಗಿಸುವ ಅದೇ ವಿದ್ಯೆ ಅರಿಸಿನಕ್ಕೂ ಶುಂಠಿಗೂ ಬಾಳೆಕಾಯಿಗೂ ಬೇಕು.

ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ., ಈ ವಿಷಯದಲ್ಲಿ ಅಮೂಲ್ಯ ನೆರೆ. ಅದು ರೂಪಿಸಿದ ಪುಟ್ಟ ಬೇಳೆಗಿರಣಿ ಹಳ್ಳಿಯ ಮಟ್ಟದಲ್ಲೇ ತೊಗರಿಯನ್ನು ಬೇಳೆ ಮಾಡಲು ನೆರವಾಗುವ ಯಂತ್ರವೆಂದು ಹೆಸರಾಗಿದೆ. ಸಂಶೋಧನಾಲಯ ತಾನೇ ಯಂತ್ರಗಳನ್ನು ತಯಾರಿಸಿ ಮಾರುವುದಿಲ್ಲ. ವಿನ್ಯಾಸವನ್ನು ಶುಲ್ಕ ಪಡೆದು ತಯಾರಕರಿಗೆ ಒಪ್ಪಿಸುತ್ತದೆ, ಇದಕ್ಕೆ ತಂತ್ರಜ್ಞಾನ ವರ್ಗಾವಣೆ ಎನ್ನುತ್ತಾರೆ. ಆ ವಿನ್ಯಾಸವನ್ನು ಪಡೆದು ತಗಡು ಕತ್ತರಿಸಿ ಮೋಟಾರು ಕೂರಿಸುವವನು ಕೊಯಮತ್ತೂರಿನವನೇ ಆಗಬೇಕೆಂಬ ನಿಯಮವಿಲ್ಲ, ಕೋಟೆಯವನೂ ಆಗಬಹುದು. ಶುಂಠಿ ತೊಳೆಯುವ ತಿರುಗುವ ಪೀಪಾಯಿ, ಅರಿಸಿನಕ್ಕೆ ಹೊಳಪು ಕೊಡುವ ಯಂತ್ರ, ಬಾಳೆ ದಿಂಡಿನ ನಾರು ಬಿಡಿಸುವ ಯಂತ್ರ, ರಾಗಿಯ ಕಲ್ಲು ಬೇರ್ಪಡಿಸುವ ಜರಡಿ, ಇವುಗಳ ಗಿರಾಕಿ ಕಣ್ಣೆದುರೇ ಇದ್ದಾನೆ. ಸೂಕ್ಷ್ಮ ಆಹಾರ ಸಂಸ್ಕರಣಾ ಘಟಕಗಳಿಗೆ 2020ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಸಹಾಯಧನವಾಗಿ ಸಿಗುವಂತಿರುವುದರಿಂದ, ಘಟಕ ಹಾಕುವ ರೈತನೂ ಯಂತ್ರ ಮಾಡುವವನೂ ಒಂದೇ ಸಮ್ಮೇಳನದಲ್ಲಿ ಭೇಟಿಯಾದರೆ ಆ ಹಣದ ಒಂದು ಪಾಲು ತಾಲ್ಲೂಕಿನೊಳಗೇ ಉಳಿಯುತ್ತದೆ.

ಕೊಯಮತ್ತೂರಿನ ಹೆಸರು ಇಲ್ಲಿ ಬಂದದ್ದು ಸುಮ್ಮನೆ ಅಲ್ಲ. ಕಾಡಿನ ಆಚೆಗಿರುವ ಆ ನಗರದ ಸಣ್ಣ ಕೈಗಾರಿಕೆಗಳ ಸಂಘವಾದ ಕೊಡಿಸಿಯಾ 1969ರಲ್ಲಿ ಹುಟ್ಟಿ, ತನ್ನದೇ ಆದ ವಸ್ತುಪ್ರದರ್ಶನದ ಆವರಣವನ್ನು ಕಟ್ಟಿಕೊಂಡು, ಯಂತ್ರೋಪಕರಣಗಳ ಇಂಟೆಕ್ ಮೇಳವನ್ನೂ ಕೃಷಿಯಂತ್ರಗಳ ಅಗ್ರಿ ಇಂಟೆಕ್ಸ್ ಮೇಳವನ್ನೂ ನಡೆಸಿಕೊಂಡು ಬಂದಿದೆ. ಮೈಸೂರು ಸೀಮೆಯ ಕೊಳವೆಬಾವಿಗಳಲ್ಲಿ ಇಳಿಬಿಟ್ಟ ಪಂಪುಗಳಲ್ಲಿ ಎಷ್ಟೋ ಆ ನಗರದವು. ಅಲ್ಲಿಯ ಮೇಳಗಳು ಆ ಪಂಪಿನ ಉದ್ಯಮವನ್ನು ಹುಟ್ಟಿಸಲಿಲ್ಲ, ಉದ್ಯಮವೇ ಮೇಳಗಳನ್ನು ಹುಟ್ಟಿಸಿತು ಎನ್ನುವುದು ಹೆಚ್ಚು ಸರಿ. ಆದರೆ ಹುಟ್ಟಿದ ಮೇಲೆ ಮೇಳಗಳು ಉದ್ಯಮವನ್ನು ಸಾಕಿದವು. ಬೆಂಗಳೂರಿನಲ್ಲಿ ನಡೆಯುವ ಇಮ್‌ಟೆಕ್ಸ್ 1969ರಿಂದ ನಡೆದುಬಂದಿರುವ ಭಾರಿ ಯಂತ್ರೋಪಕರಣ ಪ್ರದರ್ಶನ. ಅದನ್ನು ನೋಡುವುದು ಕಣ್ಣಿಗೆ ಹಬ್ಬ. ಆದರೂ ಗಣಕಯಂತ್ರದ ಆಜ್ಞೆಯಂತೆ ತಾನೇ ಲೋಹ ಕೊರೆಯುವ, ಸಿ.ಎನ್.ಸಿ. ಎಂದು ಕರೆಯಲಾಗುವ ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ನಡುವೆ ಸರಗೂರಿನ ತಯಾರಕ ಪ್ರೇಕ್ಷಕನಾಗಿಯೇ ಉಳಿಯುವ ಸಂಭವ ಹೆಚ್ಚು. ಜಿಲ್ಲೆಯ ಮಟ್ಟದ ಸಮ್ಮೇಳನದಲ್ಲಿ ಎದುರಿಗಿರುವವನು ನಾಳೆ ಬಸ್ಸು ಹತ್ತಿ ಬಂದು ವರ್ಕ್‌ಶಾಪನ್ನೇ ನೋಡಬಲ್ಲನು. ಸ್ಥಳೀಯವೆಂಬುದರ ಲಾಭ ಇದೇ. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ರೈತ ಎತ್ತಿನ ಹಲ್ಲು ಎಣಿಸಿ, ನಡಿಗೆ ನೋಡಿ, ಮಾರುವವನ ಊರು ಮನೆತನ ವಿಚಾರಿಸಿದ ಮೇಲೆಯೇ ವ್ಯಾಪಾರಕ್ಕೆ ಕೈ ಚಾಚುತ್ತಾನೆ. ಬಿಡಿಭಾಗ ಕೊಳ್ಳುವ ಕಾರ್ಖಾನೆಯ ಖರೀದಿ ಅಧಿಕಾರಿಯೂ ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಹಣದ ವಿಷಯದಲ್ಲಿ ಸಮ್ಮೇಳನದ ಉಪನ್ಯಾಸಗಳೂ ಉಪಯುಕ್ತವಾಗುವುದುಂಟು. ಸಣ್ಣ ತಯಾರಕನನ್ನು ಮುಳುಗಿಸುವುದು ಬಹುಪಾಲು ನಷ್ಟವಲ್ಲ, ತಡವಾಗಿ ಬರುವ ಹಣ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕೊಳ್ಳುಗ ಲಿಖಿತ ಒಪ್ಪಂದವಿದ್ದರೂ ಸರಕನ್ನು ಒಪ್ಪಿಕೊಂಡ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು. 2023ರಲ್ಲಿ ಆದಾಯ ತೆರಿಗೆ ಕಾನೂನಿಗೆ ಮಾಡಿದ ತಿದ್ದುಪಡಿಯಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿಯೊಳಗೆ ಕೊಡದ ಹಣವನ್ನು ಕೊಳ್ಳುಗ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಈ ರಕ್ಷಣೆಗೆ ಉದ್ಯಮ್ ನೋಂದಣಿ ಮಾಡಿಸಿರಬೇಕು, ಅದು ಉಚಿತ. 2025ರ ಏಪ್ರಿಲ್‌ನಿಂದ ಯಂತ್ರಗಳ ಮೇಲಿನ ಹೂಡಿಕೆ ಎರಡೂವರೆ ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕ ಸೂಕ್ಷ್ಮ ಉದ್ಯಮವೆನಿಸಿಕೊಳ್ಳುವುದರಿಂದ, ಈ ಸೀಮೆಯ ಲೇತು ಮತ್ತು ವೆಲ್ಡಿಂಗ್ ಶಾಪುಗಳು ಆ ಮಿತಿಯೊಳಗೆ ಆರಾಮವಾಗಿ ಬರುತ್ತವೆ. ದೋಷವಿಲ್ಲದ ಉತ್ಪಾದನೆಗೆ ಕೊಡುವ ಜೆಡ್ ಪ್ರಮಾಣಪತ್ರದ ಶುಲ್ಕದಲ್ಲಿ ಸೂಕ್ಷ್ಮ ಘಟಕಗಳಿಗೆ ಶೇಕಡಾ 80ರಷ್ಟು ರಿಯಾಯಿತಿಯನ್ನು 2022ರ ಪರಿಷ್ಕೃತ ಯೋಜನೆ ಒದಗಿಸಿತು. ಇವೆಲ್ಲ ಸರ್ಕಾರದ ಜಾಲತಾಣಗಳಲ್ಲಿವೆ. ಆದರೆ ಅರ್ಜಿಯಲ್ಲಿ ಯಾವ ಕಾಗದ ಸಾಲದೆಂದು ಹೇಳಬಲ್ಲವರು ಜಿಲ್ಲಾ ಕೈಗಾರಿಕಾ ಕೇಂದ್ರದ ಅಧಿಕಾರಿಯೋ, ಹಿಂದಿನ ವರ್ಷ ಅರ್ಜಿ ಹಾಕಿ ಸೋತ ಇನ್ನೊಬ್ಬ ತಯಾರಕನೋ ಮಾತ್ರ.

ಆಕ್ಷೇಪಗಳನ್ನು ಮುಚ್ಚಿಡುವುದು ಸಲ್ಲದು. ಅನೇಕ ಸಮ್ಮೇಳನಗಳಲ್ಲಿ ಭಾಷಣಗಳೂ ಪರದೆಯ ಮೇಲಿನ ಚಿತ್ರಗಳೂ ಇಂಗ್ಲಿಷಿನಲ್ಲಿಯೇ ಇದ್ದು, ಲೋಹವನ್ನು ಕನ್ನಡದಲ್ಲೇ ಅರಿತಿರುವ ಕೆಲಸಗಾರ ಮಧ್ಯಾಹ್ನದ ಊಟದ ಹೊತ್ತಿಗೆ ಎದ್ದುಬರುತ್ತಾನೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಉತ್ಸಾಹದಿಂದ ಬಾನುಲಿ ಕೇಂದ್ರ ಆರಂಭಿಸಿದ ಮೈಸೂರಿನಲ್ಲಿ, ತಾಂತ್ರಿಕ ವಿಷಯವನ್ನು ಕನ್ನಡದಲ್ಲಿ ಹೇಳಲಾಗದೆಂಬ ನೆಪ ನಿಲ್ಲುವಂಥದಲ್ಲ. ಸರಗೂರಿನಲ್ಲಿಯೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಜನಧ್ವನಿ ಸಮುದಾಯ ಬಾನುಲಿ ಇದೆ. ಮೈಸೂರಿನ ಸಮ್ಮೇಳನದಲ್ಲಿ ನಡೆದ ಉಪಯುಕ್ತ ಚರ್ಚೆಯ ಸಾರ ಅದರ ಮೂಲಕ ಹೋಗಬಾರದೆಂದೇನೂ ಇಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಇಬ್ಬರು ಮೂವರು ಕೆಲಸ ಮಾಡುವ ಶಾಪಿನ ಯಜಮಾನ ಎರಡು ದಿನ ಹೋದರೆ ಶಾಪೇ ಮುಚ್ಚುತ್ತದೆ. ಇದಕ್ಕೆ ಉತ್ತರ ಸಂಘ. ತಾಲ್ಲೂಕಿನ ಏಳೆಂಟು ಶಾಪಿನವರು ಸೇರಿ ಇಬ್ಬರನ್ನು ಕಳುಹಿಸಿ, ಖರ್ಚು ಹಂಚಿಕೊಂಡು, ಬಂದವರಿಂದ ವಿವರ ಕೇಳುವುದು ಕಷ್ಟವಲ್ಲ. 1949ರಲ್ಲಿ ಹುಟ್ಟಿದ ಕಾಸಿಯಾ, ಅಂದರೆ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ, ಮೂಲದಲ್ಲಿ ಇಂಥ ಅಗತ್ಯದಿಂದಲೇ ಬೆಳೆದದ್ದು. ಕಳುಹಿಸುವ ಇಬ್ಬರಲ್ಲಿ ಒಬ್ಬ ಐ.ಟಿ.ಐ. ಮುಗಿಸಿದ ಯುವಕನೋ ಯುವತಿಯೋ ಆಗಿದ್ದರೆ ಇನ್ನೂ ಒಳ್ಳೆಯದು. ಮೈಸೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಕಲಿಸುವ ಅಚ್ಚು (ಡೈ) ತಯಾರಿಕೆಯ ವಿದ್ಯೆಗೆ ಎಲ್ಲೆಲ್ಲಿ ಕೆಲಸವಿದೆಯೆಂದು ಮಳಿಗೆಗಳನ್ನು ಸುತ್ತಿದರೆ ತಿಳಿಯುತ್ತದೆ. ತಿಳಿದ ಮೇಲೆ ಊರಿಗೆ ಮರಳುವುದೋ ನಗರದಲ್ಲೇ ನಿಲ್ಲುವುದೋ ಎಂಬುದು ಅವರಿಗೆ ಬಿಟ್ಟದ್ದು.

ಹೋಗುವವರು ಒಯ್ಯಬೇಕಾದದ್ದು ಹೆಚ್ಚೇನಿಲ್ಲ: ಶಾಪಿನಲ್ಲಿರುವ ಯಂತ್ರಗಳ ಪಟ್ಟಿ, ಒಂದೊಂದರ ಮೇಲೂ ಎಷ್ಟು ಉದ್ದ, ಎಷ್ಟು ವ್ಯಾಸದ ತುಂಡನ್ನು ಕೆಲಸಕ್ಕೆ ಕೂರಿಸಬಹುದೆಂಬ ವಿವರ, ತಾವೇ ಮಾಡಿದ ಎರಡು ಮಾದರಿ, ಉದ್ಯಮ್ ನೋಂದಣಿಯ ಪ್ರತಿ, ಮತ್ತು ಬಿಡಿಸಲಾಗದೆ ಉಳಿದ ಒಂದು ನಿಜವಾದ ಸಮಸ್ಯೆ. ಬಂದ ಮೇಲೆ ಮಾಡಬೇಕಾದದ್ದು ಮಾತ್ರ ಹೆಚ್ಚು. ಆಸಕ್ತಿ ತೋರಿದ ಕೊಳ್ಳುಗ ಒಂದು ನಕ್ಷೆ ಕೊಡುತ್ತಾನೆ, ಅದರಂತೆ ನಾಲ್ಕೈದು ಮಾದರಿ ತುಂಡು ಮಾಡಿಕೊಡಬೇಕು, ಅವನ ಪರಿಶೀಲನಾ ವಿಭಾಗ ನಕ್ಷೆಯ ಪ್ರತಿಯೊಂದು ಅಳತೆಯ ಎದುರಿಗೂ ತಾನು ಕಂಡ ಅಳತೆಯನ್ನು ಬರೆದು ಒಂದು ಹಾಳೆಯನ್ನು ಹಿಂತಿರುಗಿಸುತ್ತದೆ. ಮೊದಲ ಸಲ ಆ ಹಾಳೆಯಲ್ಲಿ ತಿರಸ್ಕಾರದ ಗುರುತೇ ಹೆಚ್ಚಾಗಿರುವುದು ಸಾಮಾನ್ಯ. ಎರಡನೆಯ ಸಲ ಕಳುಹಿಸುವವರು ಕಡಿಮೆ, ಮೂರನೆಯ ಸಲ ಕಳುಹಿಸುವವರು ಇನ್ನೂ ಕಡಿಮೆ. ಆರ್ಡರು ಸಿಗುವುದು ಅವರಿಗೆ. ಇದಕ್ಕೆ ತಿಂಗಳುಗಳು ಹಿಡಿಯುವುದರಿಂದ ಸಮ್ಮೇಳನದ ದಿನಾಂಕವೂ ಮುಖ್ಯವಾಗುತ್ತದೆ. ಈ ಸೀಮೆಯಲ್ಲಿ ಮುಂಗಾರಿನಿಂದ ಹಿಡಿದು ಬ್ಯಾರನ್ನಿನ ಒಲೆ ಹೊತ್ತುವ ಕಾಲದವರೆಗೆ ಉಳುಮೆಯ ಉಪಕರಣ ಮತ್ತು ಕೊಳವೆಗಳ ದುರಸ್ತಿಯಲ್ಲಿ ಶಾಪುಗಳಿಗೆ ಬಿಡುವಿಲ್ಲ, ಹರಾಜು ನಡೆದು ರೈತನ ಕೈಗೆ ಹಣ ಬರುವ ತಿಂಗಳುಗಳಲ್ಲಿ ಟ್ರೇಲರು ಮತ್ತು ಗೇಟಿನ ಕೆಲಸ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಲೇತುಗಳು ಸ್ವಲ್ಪ ಬಿಡುವಾಗಿರುತ್ತವೆ. ಮೈಸೂರಿನ ಸಂಘಟಕರು ತಮ್ಮ ಕೂಟವನ್ನು ಆ ತಿಂಗಳುಗಳಲ್ಲಿ ಇಟ್ಟುಕೊಂಡು, ಅದರ ಒಂದು ದಿನವನ್ನು ಹುಣಸೂರಿನಲ್ಲೋ ಕೋಟೆಯಲ್ಲೋ ನಡೆಸಿದರೆ, ಸರಗೂರಿನವರು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳಬಹುದು.